ತಡೆಯದ ಗೋಡೆ

ಗೋಡೆಯೆಂಬುದು ಎರಡು ಬಗೆಯಾಗಿರುವುದುಂಟು. ದಾಟಹೋದವನನ್ನು ತಾನೇ ತಡೆದು ನಿಲ್ಲಿಸುವ ಗೋಡೆ ಒಂದು. ಇದು ಗೋಡೆಯೆಂದು ಇಬ್ಬರು ಒಪ್ಪಿಕೊಂಡಿರುವ ಕಾರಣದಿಂದ ಮಾತ್ರವೇ ಗೋಡೆಯಾಗಿರತಕ್ಕುದು ಮತ್ತೊಂದು. ಮೊದಲನೆಯದನ್ನು ಕಲ್ಲಿನಿಂದಲೋ ಇಟ್ಟಿಗೆಯಿಂದಲೋ ಕಟ್ಟುತ್ತಾರೆ. ಎರಡನೆಯದನ್ನು ಯಾವುದರಿಂದ ಕಟ್ಟುತ್ತಾರೆ, ಅದು ಎಲ್ಲಿಯವರೆಗೆ ನಿಲ್ಲುತ್ತದೆ, ಅದನ್ನು ಕಲ್ಲಿನದಾಗಿ ಮಾರ್ಪಡಿಸಿದರೆ ಮನುಷ್ಯರಿಗೆ ಆಗುವ ಲಾಭನಷ್ಟಗಳೇನು ಎಂಬುದು ಈ ಲೇಖನದ ವಿಚಾರ. ವಿಚಾರವೇನೋ ಹಳೆಯದು. ಆದರೆ ಅದನ್ನು ನನ್ನ ಎದುರಿಗೆ ಹೊಸದಾಗಿ ತಂದಿರಿಸಿದ ವಸ್ತು ಒಂದು ಆಟದ ಸಾಮಾನು. ಅದೂ ನಮ್ಮ ದೇಶದ್ದಲ್ಲ. ಧರ್ಮಾಧರ್ಮಗಳ ಚರ್ಚೆಗೆ ಮಕ್ಕಳ ಆಟಿಕೆಯೇ ಆಧಾರವೆ ಎಂದು ವಾಚಕರಲ್ಲಿ ಕೆಲವರು ನಗಬಹುದು. ನಗಲಿ. ಪಗಡೆಯ ಹಾಸಿನ ಮೇಲೆ ತಿರುವು ಪಡೆದ ಕಥೆಯನ್ನು ನಮ್ಮ ಹಿರಿಯರು ಐದನೆಯ ವೇದವೆಂದು ಕರೆಯಲು ಹಿಂಜರಿಯಲಿಲ್ಲ.

1972ರಲ್ಲಿ ಅಮೆರಿಕ ದೇಶದ ಮ್ಯಾಗ್ನವಾಕ್ಸ್ ಎಂಬ ಕಂಪನಿಯವರು ‘ಒಡಿಸ್ಸಿ’ ಎಂಬ ಹೆಸರಿನ ಪೆಟ್ಟಿಗೆಯೊಂದನ್ನು ಮಾರಾಟಕ್ಕೆ ತಂದರು. ಮನೆಯ ಟೆಲಿವಿಷನ್ನಿಗೆ ತಂತಿಯಿಂದ ಜೋಡಿಸಿ, ಅದರ ತೆರೆಯ ಮೇಲೆ ಆಟವಾಡುವ ಯಂತ್ರವನ್ನು ಜನರ ಕೈಗೆ ಮಾರಿದ್ದು ಅದೇ ಮೊದಲು. ಇದರ ಮೂಲಪುರುಷರು ರಾಲ್ಫ್ ಬೇಯರ್ ಎಂಬ ಎಂಜಿನಿಯರು. ಜರ್ಮನಿಯಲ್ಲಿ 1922ರಲ್ಲಿ ಹುಟ್ಟಿದ ಯೆಹೂದ್ಯರು. 1938ರಲ್ಲಿ ಮನೆಯವರೊಡನೆ ಆ ದೇಶವನ್ನು ಬಿಟ್ಟು ಅಮೆರಿಕವನ್ನು ಸೇರಿದವರು. 1966ರ ಆಗಸ್ಟ್ ತಿಂಗಳ ಕೊನೆಯಲ್ಲಿ ನ್ಯೂಯಾರ್ಕಿನ ಬಸ್ಸು ನಿಲ್ದಾಣವೊಂದರ ಬಳಿ ಸಹೋದ್ಯೋಗಿಯೊಬ್ಬರಿಗಾಗಿ ಕಾಯುತ್ತಿದ್ದಾಗ ಅವರಿಗೆ ಈ ಯೋಚನೆ ಹೊಳೆಯಿತಂತೆ: ಮನೆಮನೆಯಲ್ಲಿಯೂ ಟೆಲಿವಿಷನ್ ಇದೆ, ಜನ ಅದರ ಮುಂದೆ ಸುಮ್ಮನೆ ಕುಳಿತಿರುತ್ತಾರೆ, ಅದರೊಡನೆ ಆಡುವುದಕ್ಕೆ ಏಕೆ ಆಗಬಾರದು? ಮಾರನೆಯ ದಿನವೇ ನಾಲ್ಕು ಪುಟಗಳ ಟಿಪ್ಪಣಿಯನ್ನು ಬರೆದಿಟ್ಟರು. ಮರುವರ್ಷ ಜತೆಗಾರರೊಡನೆ ಕೂಡಿ ತೆರೆಯ ಮೇಲೆ ಎರಡು ಬೆಳಕಿನ ಚುಕ್ಕೆಗಳನ್ನು ಮೂಡಿಸಿ, ಒಂದು ಇನ್ನೊಂದನ್ನು ಅಟ್ಟಿಸಿಕೊಂಡು ಹೋಗುವಂತೆ ಮಾಡಿದರು. ಓಡುವವನು ಒಬ್ಬ, ಹಿಡಿಯುವವನು ಒಬ್ಬ. ಮನುಷ್ಯರ ಮಕ್ಕಳು ಮಾತು ಕಲಿಯುವ ಮುಂಚೆಯೇ ಆಡುವ ಆಟವಿದು.

ಪೆಟ್ಟಿಗೆಯ ಬಡತನವನ್ನು ಇಂದಿನವರು ನಂಬುವುದೇ ಕಷ್ಟ. ಅದರೊಳಗಿದ್ದುವು ಸುಮಾರು 40 ಟ್ರಾನ್ಸಿಸ್ಟರುಗಳು, ಅಷ್ಟೇ ಡಯೋಡುಗಳು. ಬಣ್ಣವಿಲ್ಲ, ಶಬ್ದವಿಲ್ಲ. ಚಿತ್ರ ಬರೆಯುವ ಶಕ್ತಿಯಿಲ್ಲ. ಗೆದ್ದವರಾರು ಸೋತವರಾರು ಎಂಬ ಲೆಕ್ಕವನ್ನೂ ಅದು ಇಡದು. ಅದು ತೋರಿಸಬಲ್ಲುದು ಕೆಲವೇ ಬಿಳಿಯ ಚೌಕಗಳನ್ನು ಮತ್ತು ಒಂದು ಗೆರೆಯನ್ನು. ಹಾಗಾದರೆ ಆಟದ ಅಂಗಣವೆಲ್ಲಿ? ಅದನ್ನು ಪೆಟ್ಟಿಗೆಯ ಜತೆಗೆ ಹಾಳೆಗಳ ರೂಪದಲ್ಲಿ ಕೊಡುತ್ತಿದ್ದರು. ಟೆನ್ನಿಸ್ ಅಂಗಳ, ಹಿಮದ ಇಳಿಜಾರು, ಭೂತದ ಮನೆ ಮೊದಲಾದುವನ್ನು ಅಚ್ಚು ಹಾಕಿದ ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆಗಳು. ಬೇಕಾದುದನ್ನು ತೆಗೆದು ಟೆಲಿವಿಷನ್ನಿನ ಗಾಜಿಗೆ ಅಂಟಿಸಬೇಕು. ಹಾಳೆಯ ಹಿಂದಿನಿಂದ ಬಿಳಿಯ ಚುಕ್ಕೆಯ ಬೆಳಕು ತೂರಿ ಬರುತ್ತದೆ. ದಾಳ, ಎಲೆ, ಆಟದ ನೋಟುಗಳು—ಇವೂ ಪೆಟ್ಟಿಗೆಯ ಜತೆಗೇ ಬರುತ್ತಿದ್ದುವು. ಇಷ್ಟಕ್ಕೆ ಬೆಲೆ ಸುಮಾರು 100 ಡಾಲರು. 1975ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ಸುಮಾರು 3,50,000 ಪೆಟ್ಟಿಗೆಗಳು ಮನೆಗಳನ್ನು ಸೇರಿದ್ದುವು.

ಈ ಆಟಗಳಲ್ಲಿ ಒಂದರ ಹೆಸರು ‘ಬೆಕ್ಕು ಮತ್ತು ಇಲಿ’. ಹಾಳೆಯ ತುಂಬ ಒಂದು ಸಿಕ್ಕುದಾರಿ. ಒಬ್ಬರ ಚುಕ್ಕೆ ಬೆಕ್ಕು, ಇನ್ನೊಬ್ಬರದು ಇಲಿ. ಓಣಿಗಳಲ್ಲಿಯೇ ಸುತ್ತಿ ಸುತ್ತಿ ಬೆಕ್ಕು ಹಿಡಿಯಬೇಕು, ಇಲಿ ತಪ್ಪಿಸಿಕೊಳ್ಳಬೇಕು. ಚುಕ್ಕೆಯನ್ನು ನಡೆಸುವುದಕ್ಕೆ ಪ್ರತಿಯೊಬ್ಬರ ಕೈಯಲ್ಲಿಯೂ ರೇಡಿಯೋವಿನಲ್ಲಿರುವಂಥ ತಿರುಗಿಸುವ ಗುಂಡಿಗಳು. ಒಂದನ್ನು ತಿರುಗಿಸಿದರೆ ಚುಕ್ಕೆ ಅಡ್ಡಡ್ಡಲಾಗಿ ಸರಿಯುತ್ತದೆ, ಇನ್ನೊಂದನ್ನು ತಿರುಗಿಸಿದರೆ ಮೇಲಕ್ಕೂ ಕೆಳಕ್ಕೂ ಹೋಗುತ್ತದೆ. ಮೂಲೆಯಲ್ಲಿ ಒಂದು ಕೈಯನ್ನು ನಿಲ್ಲಿಸಿ ಮತ್ತೊಂದು ಕೈಯನ್ನು ಆಡಿಸಬೇಕು.

ಈಗ ನೋಡತಕ್ಕ ಅಂಶ ಒಂದಿದೆ. ಎರಡು ಚುಕ್ಕೆಗಳು ಒಂದನ್ನೊಂದು ತಾಗಿದರೆ ಅದು ಯಂತ್ರಕ್ಕೆ ತಿಳಿಯುತ್ತಿತ್ತು. ಅಷ್ಟು ಜಾಣತನವನ್ನು ಬೇಯರ್ ಅದಕ್ಕೆ ಕೊಟ್ಟಿದ್ದರು. ಗೋಡೆ ಮಾತ್ರ ಅದಕ್ಕೆ ತಿಳಿಯದು. ಗೋಡೆಯಿರುವುದು ಗಾಜಿನ ಹೊರಗೆ, ಹಾಳೆಯ ಮೇಲೆ. ಚುಕ್ಕೆಯಿರುವುದು ಗಾಜಿನ ಒಳಗೆ. ಬೆಕ್ಕು ಆಡುವವನು ಸಿಕ್ಕುದಾರಿಯನ್ನೆಲ್ಲ ಲೆಕ್ಕಿಸದೆ ನೆಟ್ಟಗೆ ಇಲಿಯ ಮೇಲೆ ಹೋಗಿ ಬೀಳಬಹುದಾಗಿತ್ತು, ಯಂತ್ರವು ಬೇಡವೆನ್ನುತ್ತಿರಲಿಲ್ಲ. ಆಟದ ಗೋಡೆಗಳನ್ನೆಲ್ಲ ಹೊತ್ತು ನಿಂತಿದ್ದುದು ಆಡುವವರಿಬ್ಬರ ಮನಸ್ಸೇ.

ಕೆಲವು ವರ್ಷಗಳ ಹಿಂದೆ ನ್ಯೂಜರ್ಸಿಯಲ್ಲಿರುವ ಮಗಳ ಮನೆಯಲ್ಲಿ ನಾಲ್ಕು ತಿಂಗಳು ಇದ್ದೆನು. ನೆರೆಯಲ್ಲಿದ್ದವರು ನನಗಿಂತ ಸ್ವಲ್ಪ ಹಿರಿಯರಾದ ಗೃಹಸ್ಥರು. ನಾನು ಉಪಾಧ್ಯಾಯನಾಗಿದ್ದವನೆಂದು ತಿಳಿದು ಒಂದು ದಿನ ಕರೆದೊಯ್ದು ತಮ್ಮ ನೆಲಮಾಳಿಗೆಯಲ್ಲಿ ಜೋಪಾನ ಮಾಡಿದ್ದ ಈ ಪೆಟ್ಟಿಗೆಯನ್ನೂ, ಅದಕ್ಕಾಗಿಯೇ ಇರಿಸಿಕೊಂಡಿದ್ದ ಹಳೆಯ ಗಾಜಿನ ಟೆಲಿವಿಷನ್ನನ್ನೂ ತೋರಿಸಿದರು. ಈಗಿನ ತೆಳ್ಳನೆಯ ತೆರೆಗಳಿಗೆ ಅದು ಸುಲಭವಾಗಿ ಹೊಂದುವುದಿಲ್ಲವಂತೆ. ಅವರ ತಂದೆ ಅದನ್ನು ಕೊಂಡು ತಂದಾಗ ಅವರಿಗೆ ಹನ್ನೆರಡು ವರ್ಷ, ತಂಗಿಗೆ ಒಂಬತ್ತು. ಮೊದಲ ವಾರವೆಲ್ಲ ಜಗಳವಂತೆ. ನೀನು ಗೋಡೆ ದಾಟಿದೆ ಎಂದು ಅವಳು, ಇಲ್ಲ ಎಂದು ಇವರು. ತಾಯಿಯ ಬಳಿಗೆ ದೂರು ಹೋಯಿತು. ತಾಯಿ ಅಡಿಗೆಮನೆಯಿಂದ ಏಳಲಿಲ್ಲ. ಆಡಲು ಬಾರದಿದ್ದರೆ ಪೆಟ್ಟಿಗೆಯನ್ನು ಮುಚ್ಚಿಡಿ ಎಂದಷ್ಟೇ ಹೇಳಿದಳು. ಕೊನೆಗೆ ಆ ಒಂಬತ್ತು ವರ್ಷದ ಹುಡುಗಿಯೇ ಒಂದು ಕಾನೂನು ಮಾಡಿದಳು: ಗೆರೆಯನ್ನು ಮುಟ್ಟಿದ ಚುಕ್ಕೆ ಹೊರಟ ಜಾಗಕ್ಕೆ ಹಿಂದಿರುಗತಕ್ಕದ್ದು, ಮುಟ್ಟಿದವನೇ ಅದನ್ನು ಹೇಳತಕ್ಕದ್ದು. ಆ ಮೇಲೆ ಎರಡು ಚಳಿಗಾಲ ಆ ಆಟ ನಡೆಯಿತು.

ನಾವಿಬ್ಬರೂ ಅಂದು ಆಡಿದೆವು. ಅವರು ಬೆಕ್ಕು, ನಾನು ಇಲಿ. ನನ್ನ ಕಣ್ಣು ನನ್ನ ಚುಕ್ಕೆಯ ಮೇಲೆಯೇ ನೆಟ್ಟಿತ್ತು. ಹೊಸಬನ ಪಾಡು ಅಷ್ಟೇ. ಅವರಿಗೆ ಬೆರಳು ನಡುಗುವ ಕಾಯಿಲೆ. ಇನ್ನೇನು ನನ್ನನ್ನು ಹಿಡಿಯಬೇಕು, ಅಷ್ಟರಲ್ಲಿ ಅವರು ತಾವಾಗಿಯೇ “ಮುಟ್ಟಿದೆ” ಎಂದು ಹೇಳಿ ತಮ್ಮ ಚುಕ್ಕೆಯನ್ನು ಹೊರಟ ಜಾಗಕ್ಕೆ ತಂದು ನಿಲ್ಲಿಸಿದರು. ನಾನು ಕಂಡಿರಲಿಲ್ಲ, ಯಂತ್ರವಂತೂ ಕಂಡಿರಲಿಲ್ಲ. ತಂಗಿ ತೀರಿಕೊಂಡು ಆರು ವರ್ಷಗಳಾಗಿದ್ದುವೆಂದು ಆ ಮೇಲೆ ತಿಳಿಯಿತು.

ನಮ್ಮ ಮಾತಿನಲ್ಲಿ ‘ಮರ್ಯಾದೆ’ ಎಂಬ ಶಬ್ದವಿದೆಯಷ್ಟೆ. ಹಿರಿಯರಿಗೆ ಮರ್ಯಾದೆ ಕೊಡು, ಮರ್ಯಾದೆಯಿಂದ ನಡೆದುಕೊ ಎಂದು ದಿನವೂ ಆಡುತ್ತೇವೆ. ಗೌರವವೆಂಬ ಅರ್ಥವು ಕನ್ನಡದಲ್ಲಿ ಮುಂದೆ ಬಂದು ನಿಂತಿದೆ. ಸಂಸ್ಕೃತದಲ್ಲಿ ಆ ಶಬ್ದದ ಮೊದಲ ಅರ್ಥ ಎಲ್ಲೆ, ಗಡಿ, ದಡ. ಸಮುದ್ರವು ತನ್ನ ಮರ್ಯಾದೆಯನ್ನು ಮೀರದು ಎಂದು ಕವಿಗಳು ಹೇಳುವಾಗ ದಡವನ್ನು ಮೀರದು ಎಂದೇ ತಾತ್ಪರ್ಯ. ಗಡಿಯೆಂಬ ಶಬ್ದವು ಗೌರವವೆಂಬ ಅರ್ಥಕ್ಕೆ ಹೇಗೆ ಬಂದಿತೆಂಬುದಕ್ಕೆ ನನಗೆ ಆ ನೆಲಮಾಳಿಗೆಯಲ್ಲಿ ದೊರೆತಂತಹ ಉದಾಹರಣೆ ಕೋಶಗಳಲ್ಲಿ ದೊರೆತಿರಲಿಲ್ಲ. ಎದುರಿಗೆ ಕುಳಿತವನ ಸಲುವಾಗಿ ಗೆರೆಯನ್ನು ಉಳಿಸಿಕೊಳ್ಳುವುದೇ ಅವನಿಗೆ ಸಲ್ಲಿಸುವ ಮರ್ಯಾದೆ.

ಇನ್ನೊಂದು ಮಾತು, ವ್ಯಾಕರಣ ಓದಿದವನ ಚಾಪಲ್ಯವೆಂದು ವಾಚಕರು ಕ್ಷಮಿಸಬೇಕು. ಗೆರೆಯನ್ನು ಮುಟ್ಟಿದರೆ ದಾಟಿದ ಹಾಗೆಯೋ ಅಲ್ಲವೋ ಎಂಬುದೇ ಆ ಮಕ್ಕಳ ಮೊದಲ ವಾರದ ಜಗಳ. ಪಾಣಿನಿಮಹರ್ಷಿಗಳಿಗೂ ಈ ಜಗಳ ಗೊತ್ತಿತ್ತು. ‘ತನಕ’ ಎಂಬರ್ಥದ ಉಪಸರ್ಗವನ್ನು ಹೇಳುವಾಗ ಅವರು ಮರ್ಯಾದೆ ಮತ್ತು ಅಭಿವಿಧಿ ಎಂದು ಎರಡನ್ನು ಬೇರ್ಪಡಿಸಿ ಹೇಳುತ್ತಾರೆ. ಪಾಟಲಿಪುತ್ರದವರೆಗೆ ಮಳೆಯಾಯಿತು ಎಂದರೆ ಪಟ್ಟಣದೊಳಗೂ ಮಳೆ ಬಿದ್ದಿತೋ, ಪಟ್ಟಣದ ಹೊರಗೇ ನಿಂತಿತೋ? ಎಲ್ಲೆಯೂ ಸೇರಿದರೆ ಅಭಿವಿಧಿ. ಎಲ್ಲೆಯನ್ನು ಬಿಟ್ಟು ಈಚೆಗೇ ನಿಂತರೆ ಮರ್ಯಾದೆ. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಕುಂಟೆಬಿಲ್ಲೆ ಆಡುವಾಗ ಗೆರೆ ತುಳಿದವಳು ಔಟು ಎನ್ನುತ್ತಾರೆ. ನ್ಯೂಜರ್ಸಿಯ ಆ ಹುಡುಗಿಯೂ ಹಾಗೆಯೇ ತೀರ್ಮಾನಿಸಿದಳು. ಇವರೆಲ್ಲ ಮರ್ಯಾದೆಯ ಪಕ್ಷದವರು.

ಇಷ್ಟರಲ್ಲಿ ಪೂರ್ವಪಕ್ಷವು ಏಳುತ್ತದೆ. ಅಯ್ಯಾ, ಇದರಲ್ಲಿ ಧರ್ಮಬೋಧೆ ಎಲ್ಲಿಯದು? ಯಂತ್ರಕ್ಕೆ ಗೋಡೆ ಕಟ್ಟುವ ಶಕ್ತಿಯಿರಲಿಲ್ಲ, ಆದುದರಿಂದ ಕಟ್ಟಲಿಲ್ಲ, ಇದ್ದಿದ್ದರೆ ಕಟ್ಟುತ್ತಿದ್ದರು. ನಿಜ. ಅದೇ 1972ರಲ್ಲಿ ಹೊರಬಂದ ಅಟಾರಿಯವರ ‘ಪಾಂಗ್’ ಎಂಬ ಯಂತ್ರ, ಅಂಗಡಿಗಳಲ್ಲಿ ಕಾಸು ಹಾಕಿ ಆಡುವಂಥದು, ಅಂಕಗಳನ್ನು ತಾನೇ ಎಣಿಸುತ್ತಿತ್ತು. 1973ರಲ್ಲಿ ಅವರೇ ತಂದ ‘ಗಾಚಾ’ ಎಂಬುದರಲ್ಲಿ ಇಬ್ಬರು ಅಟ್ಟಿಸಿಕೊಂಡು ಓಡುವ ಸಿಕ್ಕುದಾರಿ ತೆರೆಯ ಒಳಗಡೆಯೇ ಮೂಡಿತು. 1980ರಲ್ಲಿ ಮನೆಯ ಯಂತ್ರಕ್ಕೆ ‘ಮೇಜ್ ಕ್ರೇಜ್’ ಬಂದಿತು. ಪ್ರತಿಸಲವೂ ಹೊಸ ಸಿಕ್ಕುದಾರಿಯನ್ನು ಯಂತ್ರವೇ ಹೆಣೆಯುತ್ತದೆ, ಇಬ್ಬರೂ ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆಯ ಬಾಗಿಲನ್ನು ಮೊದಲು ಸೇರುವುದಕ್ಕೆ ಓಡಬೇಕು. ಅಲ್ಲಿ ಗೋಡೆಗೆ ಒತ್ತಿದರೆ ಆಟಗಾರ ನಿಲ್ಲುತ್ತಾನೆ, ಅಷ್ಟೆ. ಎಂಟು ವರ್ಷಗಳೊಳಗೆ ಗೋಡೆಯು ಮನಸ್ಸಿನಿಂದ ಯಂತ್ರಕ್ಕೆ ಹೋಗಿಬಿಟ್ಟಿತು.

ಇದನ್ನು ನಷ್ಟವೆಂದೇ ಹೇಳಿ ಕಣ್ಣೀರಿಡುವವರ ಗುಂಪಿಗೆ ನಾನು ಸೇರಿದವನಲ್ಲ. ಕಲ್ಲಿನ ಗೋಡೆಯಿಂದ ದೊಡ್ಡ ಉಪಕಾರವುಂಟು, ಮುಖ್ಯವಾಗಿ ದುರ್ಬಲರಿಗೆ. ಒಂಬತ್ತು ವರ್ಷದ ತಂಗಿಯ ಅಣ್ಣ ಒಳ್ಳೆಯವನಾಗಿದ್ದರಿಂದ ಅವಳ ಕಾನೂನು ನಡೆಯಿತು. ಗದರಿಸಿ ಗೆಲ್ಲುವ ಅಣ್ಣನಿದ್ದಿದ್ದರೆ ಅವಳು ಏನು ಮಾಡುತ್ತಿದ್ದಳು? ಅಂಥವಳಿಗೆ ಯಂತ್ರದ ಗೋಡೆಯೇ ವಾಸಿ. ಅದು ಅಣ್ಣನೆಂದು ನೋಡದು, ತಂಗಿಯೆಂದು ನೋಡದು. ರಾಜದಂಡವಿಲ್ಲದಿದ್ದರೆ ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವುದೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದೂ ಇದನ್ನೇ. ಇಬ್ಬರ ಒಪ್ಪಿಗೆಯೆಂಬುದು ಎಷ್ಟೋ ವೇಳೆ ಬಲಾಢ್ಯನ ದಯೆಗೆ ಇಟ್ಟ ಹೆಸರಾಗಿರುತ್ತದೆ. ಊರಿನಲ್ಲಿ ಹೊಲದ ಬದುವಿನ ವ್ಯಾಜ್ಯಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಪೂರ್ವಪಕ್ಷ ಇನ್ನೂ ಬಲವಾದುದು. ಕಾವಲಿಲ್ಲದ ಗೆರೆಯನ್ನು ಜನ ಉಳಿಸಿಕೊಂಡಾರೆಂಬುದು ಭ್ರಾಂತಿ ಎಂದು ಅವರು ಹೇಳುತ್ತಾರೆ. ಕುರುಕ್ಷೇತ್ರದಲ್ಲಿ ಯುದ್ಧಕ್ಕೆ ಮುಂಚೆ ಎರಡು ಪಕ್ಷದವರೂ ಸೇರಿ ‘ಸಮಯ’ವನ್ನು, ಎಂದರೆ ಒಪ್ಪಂದವನ್ನು, ಮಾಡಿಕೊಂಡರೆಂದು ಭೀಷ್ಮಪರ್ವದಲ್ಲಿದೆ: ಮತ್ತೊಬ್ಬನೊಡನೆ ಕಾದುತ್ತಿರುವವನನ್ನು ಹೊಡೆಯಕೂಡದು, ಆಯುಧ ಕಳೆದುಕೊಂಡವನನ್ನು ಹೊಡೆಯಕೂಡದು. ನೋಡಿಕೊಳ್ಳುವುದಕ್ಕೆ ಮೂರನೆಯವನಿರಲಿಲ್ಲ. ಹದಿಮೂರನೆಯ ದಿನ ಚಕ್ರವ್ಯೂಹದೊಳಗೆ ಒಬ್ಬ ಹುಡುಗನನ್ನು ಆರು ಮಂದಿ ಮಹಾರಥರು ಮುತ್ತಿದಾಗ ಆ ಸಮಯದ ಗತಿ ಏನಾಯಿತು? ಹಳೇಬೀಡಿನ ಶಿಲ್ಪಿಗಳು ಆ ವ್ಯೂಹವನ್ನು ಸಿಕ್ಕುದಾರಿಯಂತೆಯೇ ಕಂಡರಿಸಿದ್ದಾರೆ; ನೋಡಿದವರಿಗೆ ನೆನಪಿರಬಹುದು. ಹಿಂದಿನ ಮಾತು ಏಕೆ, 2024ರಲ್ಲಿ ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೊಠಡಿಗಳಲ್ಲಿ ಕ್ಯಾಮೆರಾಗಳನ್ನಿಟ್ಟು ದೂರದಿಂದ ನೋಡುವ ಏರ್ಪಾಡಾಯಿತು. ಹಿಂದಿನ ವರ್ಷ ಶೇಕಡ 83.89 ಇದ್ದ ತೇರ್ಗಡೆ ಆ ವರ್ಷ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಹೆಚ್ಚಿಸಿ ಕೊಟ್ಟ ಮೇಲೆ. ಇಳಿತಕ್ಕೆ ಕಾರಣ ಕ್ಯಾಮೆರಾದ ಕಣ್ಣೇ ಎಂದು ಬಲ್ಲವರೆಲ್ಲ ಹೇಳಿದರು. ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಪಾಠ ಹೇಳಿದವನಿಗೆ ಈ ಅಂಕೆಗಳು ಸುಖವಾದ ಓದಲ್ಲ.

ನಾನು ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ಮೂರು ಸಂದರ್ಭಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಬೆಕ್ಕು ಗೆರೆಯನ್ನು ದಾಟಿ ಹೋಗಿ ಇಲಿಯನ್ನು ಹಿಡಿದರೆ ಅದಕ್ಕೆ ದೊರೆಯುವುದೇನು? ತೆರೆಯ ಮೇಲೆ ಒಂದು ಚುಕ್ಕೆ ಇನ್ನೊಂದನ್ನು ತಾಗಿದುದು ಅಷ್ಟೇ ಹೊರತು ಗೆಲವಲ್ಲ. ಗೆಲವೆಂಬುದು ಗೆರೆಯಿಂದಲೇ ಹುಟ್ಟಿದ್ದು. ಗೆರೆಯನ್ನು ಅಳಿಸಿದವನು ತಾನು ಬಯಸಿದ ವಸ್ತುವನ್ನೇ ಅಳಿಸಿದಂತಾಯಿತು. ಅಲ್ಲಿ ಫಲವು ಆಟದ ಒಳಗಿದೆ. ಕುರುಕ್ಷೇತ್ರದಲ್ಲಿ ಫಲವಿದ್ದುದು ಹೊರಗೆ—ರಾಜ್ಯ. ಸಮಯವನ್ನು ಮುರಿದು ಗೆದ್ದರೂ ರಾಜ್ಯವು ರಾಜ್ಯವೇ. ಪರೀಕ್ಷೆಯಲ್ಲಿಯೂ ಹಾಗೆ, ನಕಲು ಮಾಡಿ ಪಡೆದ ಸರ್ಟಿಫಿಕೇಟೂ ಕಾಲೇಜಿನ ಬಾಗಿಲನ್ನು ತೆರೆಯುತ್ತದೆ. ಮೇಲಾಗಿ, ಆಟದಲ್ಲಿ ಮೋಸ ಹೋಗುವವನು ಪಕ್ಕದಲ್ಲಿಯೇ ಕುಳಿತಿರುತ್ತಾನೆ, ಅವನ ಮುಖ ಕಾಣುತ್ತದೆ. ಪರೀಕ್ಷೆಯಲ್ಲಿ ಮೋಸ ಹೋಗುವವನು ಯಾವುದೋ ಜಿಲ್ಲೆಯ ಕಾಣದ ಹುಡುಗ. ಫಲವು ಹೊರಗಿದ್ದು ಎದುರಾಳಿಯ ಮುಖ ಕಾಣದಿರುವ ಕಡೆ ಕಾವಲನ್ನು ಇಡಲೇಬೇಕು. ಕ್ಯಾಮೆರಾ ಇಟ್ಟುದನ್ನು ನಾನು ತಪ್ಪೆನ್ನಲಾರೆ.

ನನ್ನ ಚಿಂತೆಯಿರುವುದು ಬೇರೆ ಕಡೆ. ಹೊರಗೆ ಫಲವಿರುವ ವ್ಯವಹಾರದಲ್ಲಿ, ಕಾವಲುಗಾರ ತೂಕಡಿಸಿದಾಗಲೂ, ಗೆರೆಯನ್ನು ಉಳಿಸುವವರು ಕೆಲವರಾದರೂ ಇರುತ್ತಾರಷ್ಟೆ. ನಾವೆಲ್ಲ ಅಂಥವರನ್ನು ಕಂಡಿದ್ದೇವೆ. ಅವರಿಗೆ ಆ ಅಭ್ಯಾಸ ಎಲ್ಲಿಂದ ಬಂದಿತು? ಉಪದೇಶದಿಂದ ಬಂದಿತೆಂದು ಹೇಳಲು ಉಪದೇಶವನ್ನೇ ಕಸಬು ಮಾಡಿಕೊಂಡಿದ್ದ ನನಗೂ ಧೈರ್ಯ ಸಾಲದು. ಫಲವು ಒಳಗಿರುವ ಸಣ್ಣ ಕೆಲಸಗಳಲ್ಲಿ, ಎದುರಿಗಿರುವವನ ಮುಖವನ್ನು ನೋಡುತ್ತ, ಯಾರೂ ಕಾಣದ ಗೆರೆಯನ್ನು ತಾನೇ ಕಂಡು ತಾನೇ ಬಾಯಿಬಿಟ್ಟು ಹೇಳಿದ ನೂರಾರು ಸಂಜೆಗಳಿಂದ ಅದು ಬಂದಿರಬೇಕು. ಆಟವೆಂಬುದು ಅದಕ್ಕೆ ಗರಡಿ. ಈಗ ಗರಡಿಯಲ್ಲಿಯೂ ಯಂತ್ರವೇ ಗೋಡೆಯನ್ನು ಹಿಡಿದುಕೊಂಡು ನಿಂತಿದ್ದರೆ ಹುಡುಗನಿಗೆ ಕೈಚಳಕ ಬಂದೀತು, ಬುದ್ಧಿ ಚುರುಕಾದೀತು. “ಮುಟ್ಟಿದೆ” ಎಂದು ಹೇಳುವ ಸಂದರ್ಭವೇ ಬಾರದು. ಅವನು ಅಪ್ರಾಮಾಣಿಕನಾಗುತ್ತಾನೆಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕನೋ ಅಲ್ಲವೋ ಎಂಬುದು ಅವನಿಗೇ ತಿಳಿಯದೆ ಹೋಗುತ್ತದೆ.

ಕೆಲಸದಲ್ಲಿದ್ದಾಗ ಕೆಳತರಗತಿಯ ಕಿರುಪರೀಕ್ಷೆಗಳಲ್ಲಿ, ಅಂಕಗಳು ಎಲ್ಲಿಗೂ ಹೋಗದಂಥವುಗಳಲ್ಲಿ, ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದು ನಾನು ಜಗಲಿಗೆ ಹೋಗಿ ಬಾಗಿಲಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದೆನು. ಕೆಲವರು ಪಕ್ಕದವರ ಪುಸ್ತಕ ನೋಡಿ ಬರೆದರು. ಉತ್ತರಗಳಲ್ಲಿನ ತಪ್ಪುಗಳು ಜೋಡಿಯಾಗಿ ಬರುತ್ತಿದ್ದುದರಿಂದ ಅದು ತಿಳಿಯುತ್ತಿತ್ತು. ನಾನು ಅದಕ್ಕಾಗಿ ಯಾರನ್ನೂ ದಂಡಿಸಲಿಲ್ಲ. ಬೇಸಗೆಯ ಮಧ್ಯಾಹ್ನ ಒಬ್ಬ ಹುಡುಗ ಬರೆದ ಹಾಳೆಯನ್ನು ತಂದುಕೊಟ್ಟು, ಮೂರನೆಯದು ನನ್ನದಲ್ಲ ಸಾರ್, ಎಂದು ಹೇಳಿ ಓಡಿಹೋದನು. ಆ ವರ್ಷದ ತರಗತಿಯಲ್ಲಿ ನನಗೆ ನೆನಪಿರುವುದು ಅದೊಂದೇ. ಈ ಪದ್ಧತಿಯನ್ನು ತಿಳಿದ ಮೇಲಧಿಕಾರಿಯೊಬ್ಬರು ಇದು ಉಪಾಧ್ಯಾಯನ ಆಲಸ್ಯವೆಂದರು. ಅವರ ಮಾತಿನಲ್ಲಿ ಸ್ವಲ್ಪ ಸತ್ಯವೂ ಇದ್ದಿರಬಹುದು. ಜಗಲಿಯಲ್ಲಿ ಗಾಳಿ ಚೆನ್ನಾಗಿ ಬರುತ್ತಿತ್ತು.

ರಜೆಗೆಂದು ಬಂದಿದ್ದ ಮೊಮ್ಮಗನು ಕೈಯಲ್ಲಿನ ಫೋನಿನಲ್ಲಿ ಸಿಕ್ಕುದಾರಿಯ ಆಟವೊಂದನ್ನು ಆಡುತ್ತಿದ್ದನು. ಗೋಡೆಯೊಳಗಿಂದಲೇ ನುಗ್ಗಿ ಹೋದರೆ ಏನಾಗುತ್ತದೆ ಎಂದು ಕೇಳಿದೆನು. “ಹೋಗೋಕಾಗಲ್ಲ ತಾತ” ಎಂದನು. ಹೋಗಬಹುದಾಗಿದ್ದರೆ? ಹೋಗಬಹುದಾಗಿದ್ದರೆ ಅದು ಗೋಡೆ ಹೇಗಾಗುತ್ತದೆ ಎಂದು ಅವನೇ ನನ್ನನ್ನು ಕೇಳಿದನು. ಉತ್ತರ ಹೇಳದೆ ಜಗಲಿಯ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಸಿಕ್ಕುದಾರಿಯನ್ನು ಬರೆದು, ಹುಣಿಸೆಯ ಬೀಜ ಒಂದು, ಕವಡೆ ಒಂದನ್ನು ಕೊಟ್ಟು, ಅವನ ಅಕ್ಕನನ್ನೂ ಕರೆದು ಕೂರಿಸಿದೆನು. ಮೊದಲನೆಯ ದಿನ ಅವನು ಮೂರು ಸಲ ಗೆರೆಯನ್ನು ಹಾರಿ ಹೋಗಿ ಅವಳ ಕವಡೆಯನ್ನು ಹಿಡಿದು ನಕ್ಕನು. ಅವಳು ಎದ್ದು ಒಳಗೆ ಹೋಗಿಬಿಟ್ಟಳು. ಒಬ್ಬನೇ ಕುಳಿತು ಎರಡು ಕಾಯಿಯನ್ನೂ ತಾನೇ ನಡೆಸಿ ನೋಡಿದನು. ಮಾರನೆಯ ದಿನ ಮತ್ತೆ ಕೂತರು. ಈಗ ನಾಲ್ಕು ದಿನಗಳಿಂದ ಆಟ ನಡೆಯುತ್ತಿದೆ. ಗೆರೆಯನ್ನು ಮುಟ್ಟಿದರೆ ದಾಟಿದ ಹಾಗೆಯೋ ಅಲ್ಲವೋ ಎಂದು ಇಂದು ಬೆಳಗ್ಗೆಯಿಂದ ಇಬ್ಬರಿಗೂ ಜಗಳ. ನ್ಯಾಯ ಹೇಳು ಎಂದು ಎರಡು ಸಲ ಒಳಕ್ಕೆ ಬಂದಿದ್ದರು. ನಾನು ಹೇಳಲಿಲ್ಲ.